ಲಕ್ವಾ ಹೊಡೆದ ಕೂಲರ್

ಏಪ್ರಿಲ್ ೩, ೧೯೮೭. ಬನಹಟ್ಟಿ

ಮನೆಯವರು ಏನು ತಿಂದರು, ಎಷ್ಟು ನಿದ್ದೆ ಮಾಡಿದರು, ಬಲಗೈ ಬಲಗಾಲು ಏನಾದರೂ ಅಲ್ಲಾಡಿದವೋ ಇಲ್ಲವೋ, ಎಲ್ಲ ದಿನಾ ಬರೆದಿಡಿ ಎಂದು ಮಿರಜಿನ ಡಾಕ್ಟರು ಹೇಳಿ ಕಳಿಸಿದ್ದಾರೆ. ನೂಲಿನ ವ್ಯಾಪಾರಿ ಪುಕ್ಕಟೆ ಕೊಟ್ಟ ಡೈರಿಯೊಂದು ಇತ್ತು, ತೆಗೆದೆ. ಇವತ್ತಿನದು: ರವೆಗಂಜಿ ಕುಡಿದರು. ಏನೂ ಅಲ್ಲಾಡಲಿಲ್ಲ.

ಬರೆದು ಮುಗಿಯಿತು, ಪುಟ ಹಾಗೇ ಉಳಿಯಿತು. ಗುರುಬಾಯಿ ಎಂಬ ನಾನು ಮುಲ್ಕಿ, ಅಂದರೆ ಏಳನೆಯ ಇಯತ್ತೆ, ಪಾಸಾದವಳು. ಆ ವಿದ್ಯೆ ಇಷ್ಟು ವರ್ಷ ಹಾಲಿನವನ ಲೆಕ್ಕ ಬರೆಯುವುದಕ್ಕಷ್ಟೇ ಉಪಯೋಗವಾಗಿದೆ. ಉಳಿದ ಜಾಗದಲ್ಲಿ ನನ್ನದನ್ನು ಬರೆಯುತ್ತೇನೆ. ಓದಿ ಬೈಯುವವರು ಮಂಚ ಹಿಡಿದಿದ್ದಾರೆ.

ಹೋಳಿ ಹುಣ್ಣಿಮೆಯ ಮರುದಿನ ನಮ್ಮ ಮಗ್ಗದ ಶೆಡ್ಡಿನಲ್ಲಿ ನೇಕಾರ ವಿಠೋಬಾನನ್ನು ಬೈಯುತ್ತ ನಿಂತವರು ಬೈಗುಳ ಮುಗಿಯುವ ಮೊದಲೇ ಕುಸಿದರು. ಲಕ್ವಾ. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಉಳಿದಿರುವುದು ಒಂದೇ ಮಾತು, ಆಗ ಬಾಯಲ್ಲಿದ್ದದ್ದು: "ನಿಮ್ಮೌನ." ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ಡಾಕ್ಟರಿಗೂ ಅದನ್ನೇ ಹೇಳಿದರು. ಡಾಕ್ಟರು ದೊಡ್ಡ ಮನಸ್ಸಿನವರು. ಇಂಥ ರೋಗಿಗಳಲ್ಲಿ ಬಹಳ ರೂಢಿಯಾದ ಮಾತು ಮಾತ್ರ ಉಳಿಯುವುದುಂಟು, ಕೆಲವರಿಗೆ ಬೈಗುಳ, ಕೆಲವರಿಗೆ ದೇವರ ನಾಮ ಎಂದರು. ನಮ್ಮವರಿಗೆ ದೇವರ ನಾಮ ರೂಢಿ ಇರಲಿಲ್ಲ.

ಯುಗಾದಿ ಆಸ್ಪತ್ರೆಯಲ್ಲೇ ಆಯಿತು. ಬೇವು ಸಿಕ್ಕಿತು, ಬೆಲ್ಲ ಸಿಗಲಿಲ್ಲ. ಚೀಟಿ ಬರೆಯುವವನು ರೋಗಿಯ ಹೆಸರು ಕೇಳಿದಾಗ ನಾನು ಸುಮ್ಮನೆ ನಿಂತೆ. ಮದುವೆಯಾಗಿ ಮೂವತ್ತು ವರ್ಷ, ಒಮ್ಮೆಯೂ ಆ ಹೆಸರನ್ನು ಬಾಯಿಗೆ ತಂದವಳಲ್ಲ. ಅವನು, "ಹೆಸರಿಲ್ಲದ ಮನಶ್ಯಾನ್ನ ಎಲ್ಲಿಂದ ಹಿಡಕೊಂಡ ಬಂದಿಯಬೇ?" ಎಂದ. ಕಡೆಗೆ ಮೈದುನ ಚನಮಲ್ಲಪ್ಪ ಮುಂದೆ ಬಂದು "ರಾಚಪ್ಪ" ಎಂದು ಬರೆಸಿದ.

ತೇರದಾಳದಿಂದ ಮಗಳು ಬಂದು ಎರಡು ದಿನ ಅತ್ತು ಹೋದಳು. ಅಳುವುದಕ್ಕೆ ನಾನೊಬ್ಬಳೇ ಸಾಕಾಗಿದ್ದೆ. ಅವರನ್ನು ಎತ್ತಿ ಕೂರಿಸುವುದಕ್ಕೆ ಇನ್ನೊಬ್ಬರು ಬೇಕಿತ್ತು.

ಏಪ್ರಿಲ್ ೬

ಇಡ್ಲಿ ಒಂದೂವರೆ. ಕೈಕಾಲು ಇಲ್ಲ.

ಬಿಸಿಲಿಗೆ ತಗಡಿನ ಸೂರು ಟಣ್ ಟಣ್ ಅನ್ನುತ್ತಿದೆ. ಮಲಗಿದಲ್ಲೇ ಮಲಗಿ ಬೆನ್ನ ಮೇಲೆ ಕೆಂಪು ಪಟ್ಟಿ ಎದ್ದಿದೆ. ಬೆವರಿನಲ್ಲಿ ಬಿಟ್ಟರೆ ಅದು ಹುಣ್ಣಾಗುತ್ತದೆ, ಹುಣ್ಣಾದರೆ ಲಕ್ವಾಕ್ಕಿಂತ ಕಷ್ಟ, ತಂಪಾಗಿ ಇಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

ತಂಪಿಗೆ ನಮ್ಮಲ್ಲಿ ಕೂಲರ್ ಇದೆ. ನಾಲ್ಕು ವರ್ಷದ ಹಿಂದೆ ರಬಕವಿಯ ವೆಲ್ಡಿಂಗ್ ಅಂಗಡಿಯಲ್ಲಿ ಕುಳಿತು ಅವರೇ ಮಾಡಿಸಿದ್ದು. ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ತಗಡಿನ ಪೆಟ್ಟಿಗೆ. ಮೂರು ಕಡೆ ಹುಲ್ಲಿನ ಜಾಳಿಗೆ, ಒಳಗೆ ದೊಡ್ಡ ಫ್ಯಾನು, ಕೆಳಗೆ ನೀರು, ಆ ನೀರನ್ನು ಮೇಲೆತ್ತಿ ಹುಲ್ಲಿನ ಮೇಲೆ ಸುರಿಸಲು ಒಂದು ಪುಟ್ಟ ಪಂಪು. ಅದನ್ನು ಅವರು ಮಾತ್ರ ಮುಟ್ಟಬೇಕು. ಧೂಳು ಒರೆಸಲು ಹೋದರೂ "ಏ, ಕೈ ಹಚ್ಚಬ್ಯಾಡ" ಎನ್ನುತ್ತಿದ್ದರು. ಆ ದನಿಯಲ್ಲಿ ನನ್ನನ್ನು ಯಾರಾದರೂ ಕಾಯ್ದಿದ್ದರೆ ನಾನು ಇಷ್ಟು ಸವೆಯುತ್ತಿರಲಿಲ್ಲ.

ಇವತ್ತು ಬಟನ್ ಒತ್ತಿದೆ. ಕೂಲರ್ ಗುಂಯ್ ಎಂದು ಮುಲುಗಿತು, ಕೆಟ್ಟ ಮೀನಿನ ವಾಸನೆ ಬಿಟ್ಟಿತು, ಅಷ್ಟೇ. ಫ್ಯಾನು ತಿರುಗಲಿಲ್ಲ, ನೀರು ಏರಲಿಲ್ಲ. ಅದಕ್ಕೂ ಲಕ್ವಾ ಹೊಡೆದಿದೆ.

ಪೇಟೆಯ ಫಿಟ್ಟರನನ್ನು ಕೇಳಿದೆ. "ನಾಳಿ ಬರ್ತೇನ್ರಿ" ಎಂದ.

ಏಪ್ರಿಲ್ ೭

ಫಿಟ್ಟರ ಬರಲಿಲ್ಲ. ಮಠದ ಅಯ್ಯನವರು ಬಂದರು. ಹಣೆಗೆ ವಿಭೂತಿ ಹಚ್ಚುವಾಗ ಇವರು ಅವರ ಮುಖಕ್ಕೇ "ನಿಮ್ಮೌನ" ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಯ್ಯನವರಿಗೆ ಕಿವಿ ಸ್ವಲ್ಪ ಮಂದ. "ನಮಃ ಅಂತಾನ ನೋಡಬೇ. ನಾಮಸ್ಮರಣಿ ಹತ್ತೈತಿ, ಪಾರಾಗ್ತಾನ" ಎಂದು ದಕ್ಷಿಣೆ ತೆಗೆದುಕೊಂಡು ಹೋದರು.

ಏಪ್ರಿಲ್ ೮

ಫಿಟ್ಟರನ ನಾಳೆ ಇವತ್ತೂ ಬರಲಿಲ್ಲ. ಬೆನ್ನಿನ ಪಟ್ಟಿ ಅಗಲವಾಗಿದೆ. ಪಕ್ಕದ ಮನೆಯ ಶೇವಂತಿಯನ್ನು ಕರೆದು ಸ್ಟೂಲ್ ಹಿಡಿಯಲು ಹೇಳಿದೆ.

"ಅಕ್ಕಾರ, ಕರೆಂಟಿನ ಜೋಡಿ ಆಟ ಬ್ಯಾಡ್ರಿ. ಮನ್ಯಾಗ ಒಬ್ರು ಮಲಗಿದ್ದ ಸಾಕು."

"ವಾಯರ್ ಕಿತ್ತೇನಿ, ಹಿಡಿ" ಎಂದು ಏರಿದೆ.

ಒಂದು ಜಾಳಿಗೆ ಬಿಚ್ಚಿ ನೋಡಿದರೆ ಹುಲ್ಲೆಲ್ಲ ಕರಿ ಸಗಣಿಯಂತಾಗಿದೆ. ಮೂಲೆಯಲ್ಲಿ ಇಲಿಯೊಂದು ಗೂಡು ಕಟ್ಟಿ, ಹಡೆದು, ಬಾಣಂತನ ಮುಗಿಸಿಕೊಂಡು ಹೋಗಿದೆ. ಗೂಡಿಗೆ ನನ್ನ ಕುಪ್ಪಸದ ಚೂರು ಹಾಸಿಕೊಂಡಿದೆ. ಕಳೆದ ದೀಪಾವಳಿಗೆ ಕಾಣೆಯಾದ ಆ ಕುಪ್ಪಸಕ್ಕಾಗಿ ಕಸಗುಡಿಸುವವಳ ಮೇಲೆ ಸುಮ್ಮನೆ ಗುಮಾನಿ ಪಟ್ಟಿದ್ದೆ.

ಕಿಟಕಿಯ ಒಳಗಿನಿಂದ ಮನೆಯವರ ಕೂಗು ಶುರುವಾಯಿತು. ನಾನು ಪಂಪಿಗೆ ಕೈ ಹಾಕಿದರೆ "ನಿಮ್ಮೌನ". ಫ್ಯಾನಿಗೆ ಹಾಕಿದರೂ "ನಿಮ್ಮೌನ". ಮೊದಲು ಎರಡೂ ಒಂದೇ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಒಂದಲ್ಲ. ಕೊನೆಯಲ್ಲಿ ಎಳೆದು, ಮೆತ್ತಗೆ "ನಿಮ್ಮೌನಾ" ಎಂದರೆ ಹೌದು. ಕೋಲು ಮುರಿದಂತೆ ಕಡಿದರೆ ಅಲ್ಲ. ಪರೀಕ್ಷೆಗೆಂದು ಅವರ ಮುಂದೆ ಸ್ಕ್ರೂಡ್ರೈವರ್ ಹಿಡಿದು "ಇದು ಲಟ್ಟಣಿಗಿ ಏನ್ರಿ?" ಎಂದೆ. ಕಡಿದರು. "ಸ್ಕ್ರೂಡ್ರೈವರ್?" ಎಳೆದರು.

ಶೇವಂತಿಗೆ ಹೇಳಿದರೆ ನಂಬಲಿಲ್ಲ. ಅವಳಿಗೆ ಎರಡೂ ಬೈಗುಳವೇ.

ಏಪ್ರಿಲ್ ೧೦

ಜಮಖಂಡಿಗೆ ಹೊರಟಿದ್ದ ಶೇವಂತಿಯ ಕೈಯಲ್ಲಿ ಹೊಸ ಹುಲ್ಲು ತರಿಸಿದೆ. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ ಅರ್ಧ ಟಿಕೀಟು ಹರಿದನಂತೆ.

ನಮ್ಮ ಬೋರಿನ ನೀರು ಗಡಸು. ನೀರು ಸುರಿಯುವ ತೂತುಗಳೆಲ್ಲ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು, ಪಂಪೂ ಹಾಗೇ. ತಾಮ್ರದ ಕೊಡಕ್ಕೆ ಹಚ್ಚುವಂತೆ ಹುಣಸೆಹುಳಿ ಕಿವುಚಿ ಹಚ್ಚಿ ಬಿಟ್ಟೆ. ಮನೆಯವರು ಕಡಿದು ಕಡಿದು "ನಿಮ್ಮೌನ" ಎಂದರು. ಅವರು ಪ್ರತಿ ವರ್ಷ ಉಳಿಯಿಂದ ಕುಟ್ಟಿ ತೆಗೆಯುತ್ತಿದ್ದರಲ್ಲ, ಅರ್ಧ ದಿನ ಊರಿಗೆಲ್ಲ ಕೇಳುತ್ತಿತ್ತು. ಒಂದು ತಾಸಿಗೆ ಸುಣ್ಣವೆಲ್ಲ ನೊರೆಯಾಗಿ ಇಳಿಯಿತು. ಪೈಪು ಊದಿ ತೋರಿಸಿದೆ. ಅವರು ಗೋಡೆಯ ಕಡೆ ನೋಡಿದರು.

ಅನ್ನ, ಸಾರು. ಬಲಗಾಲಿನ ಹೆಬ್ಬೆರಳು ಅಲ್ಲಾಡಿತು, ಅಥವಾ ನೊಣ ಕೂತಿತ್ತು.

ಏಪ್ರಿಲ್ ೧೨

ಪಂಪು ಸರಿಯಾಯಿತು. ಫ್ಯಾನು ಮಾತ್ರ ಮುಲುಗುವುದನ್ನು ಬಿಡುತ್ತಿಲ್ಲ. ಕೋಲಿನಿಂದ ಒಂದು ಸಲ ತಳ್ಳಿದರೆ ತಿರುಗುತ್ತದೆ, ತಾನಾಗಿ ಏಳುವುದಿಲ್ಲ. ಮನೆಯಲ್ಲಿ ಎಲ್ಲರದೂ ಅದೇ ಹಣೆಬರಹ.

ಮನೆಯವರು ಎಡಗೈಯಲ್ಲಿ ಏನನ್ನೋ ತೋರಿಸತೊಡಗಿದರು. ಬೆರಳು ಮಡಚಿ, ಉರುಟಾಗಿ, ಇಷ್ಟುದ್ದ. ಸುಣ್ಣದ ಡಬ್ಬಿ ತಂದೆ. ಕಡಿದರು. ಲಾಳಿಗೆ ಹಾಕುವ ನೂಲಿನ ಕಂಡಿಕೆ ತಂದೆ. ಕಡಿದರು. ಊದಿನಬತ್ತಿ, ಅಡಕೊತ್ತು, ಚಟಾಕಿನ ಅಳತೆ ಎಲ್ಲ ಆಯಿತು. ಬೈಗುಳದ ದನಿ ಏರುತ್ತ ಹೋಯಿತು, ನನ್ನದೂ ಏರಿತು. "ಮೂವತ್ತ ವರ್ಷ ಬಾಯಿ ಇದ್ದಾಗೂ ಬೇಕಾದ್ದನ್ನ ಬಿಡಿಸಿ ಹೇಳಲಿಲ್ಲ, ಈಗ ಕೈಲೆ ಹೇಳ್ತಾರಂತ" ಎಂದುಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು. ಅವರು ದಿಂಬಿನ ಪಕ್ಕದ ಟಾರ್ಚ್ ಎತ್ತಿಕೊಂಡು ಅಲುಗಾಡಿಸಿದರು. ಸೆಲ್ಲು.

"ಸೆಲ್ಲಿನಂಗ ಇರೂದು? ಫ್ಯಾನಿಗಿ ಹಚ್ಚೂದು? ಕಂಡೆನ್ಸರ್ ಏನ್ರಿ?"

ಇಷ್ಟು ಉದ್ದದ "ನಿಮ್ಮೌನಾ" ಯಾರ ಬಾಯಿಂದಲೂ ಕೇಳಿಲ್ಲ.

ಪೇಟೆಯ ಎಲೆಕ್ಟ್ರಿಕ್ ಅಂಗಡಿಯವನು, "ಗಂಡಸರನ್ನ ಕಳಸ್ರಿ, ಹೆಣಮಕ್ಕಳಿಗೆ ತಿಳಿಯೂದಿಲ್ಲ" ಎಂದ.

"ಕಳಸ್ತೇನಿ. ಮಂಚದ ಸಮೇತ ಹೊತ್ತಕೊಂಡ ಬರಬೇಕಾಕ್ಕೈತಿ. ನಿನ್ನ ಅಂಗಡ್ಯಾಗ ಮಂಚ ಹಿಡೀತೈತೇನು?"

ಕಂಡೆನ್ಸರ್ ಕೊಟ್ಟ. ಯಾವ ವಾಯರು ಯಾವ ಕಡೆ ಎಂದೂ ಕೇಳದೇ ಹೇಳಿಕೊಟ್ಟ.

ಏಪ್ರಿಲ್ ೧೩

ತಂಪು. ಹಸಿ ಹುಲ್ಲಿನ ವಾಸನೆ. ಇಬ್ಬರೂ ಮಧ್ಯಾಹ್ನ ಸತ್ತವರಂತೆ ಮಲಗಿದೆವು.

ಏಪ್ರಿಲ್ ೨೨

ಎಂಟು ದಿನ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಬೆನ್ನಿನ ಪಟ್ಟಿ ಮಾಸಿದೆ. ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ. ಕೂಲರ್ ಸರಿಯಾದ ಮೇಲೆ ಯಾವತ್ತೂ ಬಾರದ ಬಳಗವೂ ಯೋಗಕ್ಷೇಮ ಕೇಳಲು ಬರುತ್ತಿದೆ, ಅದೂ ಸರಿಯಾಗಿ ಬಿಸಿಲೇರಿದ ಮೇಲೆ.

ಇವತ್ತು ಮೈದುನ ಚನಮಲ್ಲಪ್ಪ ಬಂದ. ಪಾಲಾಗಿ ಬಹಳ ವರ್ಷವಾಯಿತು. ಅವನಿಗೆ ಬಟ್ಟೆ ಅಂಗಡಿ ಬಂತು, ಶೆಡ್ಡು, ಮಗ್ಗ ನಮಗೆ ಬಂದವು. ಲಕ್ವಾ ಹೊಡೆದಾಗಿನಿಂದ ಶೆಡ್ಡಿನ ಕೀಲಿ ಅವನ ಹತ್ತಿರವೇ ಇದೆ. ಗಾಳಿ ನೇರ ಬರುವ ಜಾಗದಲ್ಲಿ ಕುರ್ಚಿ ಹಾಕಿಕೊಂಡ.

"ವೈನಿ, ಸಿಟ್ಟಾಗಬ್ಯಾಡ್ರಿ. ಮಗ್ಗ ಗಂಡಸರಿಲ್ಲದ ನಡಿಯೂದಿಲ್ಲ. ನನಗ ನಂದ ಸಾಕಾಗೇತಿ. ಇಚಲಕರಂಜಿಯ ತುಕಾರಾಮ ಶೇಟ ಎಲ್ಲಾ ಮಗ್ಗ ಒಮ್ಮೆಲೆ ತುಗೋತೇನಂತಾನ. ರೊಕ್ಕ ಬ್ಯಾಂಕಿನ್ಯಾಗ ಇಟ್ರ ಕುಂತ ಉಣ್ಣಬಹುದು."

ನಂತರ ಮಂಚದ ಕಡೆ ಬಾಗಿ ಕೇಳಿದ: "ಏನಂತಿ ಅಣ್ಣಾ? ಮಾರಿಬಿಡೂನ?"

"ನಿಮ್ಮೌನ." ಕಡಿದದ್ದು. ಕೊಡಲಿಯಿಂದ ಕಡಿದ ಹಾಗೆ.

"ನೋಡ್ರಿ, ಅಣ್ಣ ಹೂಂ ಅಂದ" ಎಂದು ಎದ್ದ.

ಅಲ್ಲ, ಅವರು ಬೇಡ ಎಂದರು ಎಂದು ಹೇಳಲು ಬಾಯಿ ತೆರೆದೆ. ಗಂಡನ ಬೈಗುಳದ ವ್ಯಾಕರಣವನ್ನು ಮೈದುನನಿಗೆ ಬಿಡಿಸಿ ಹೇಳುವುದು ಹೇಗೆ? "ವಿಚಾರ ಮಾಡೂನು" ಎಂದು ಚಹಾ ಕೊಟ್ಟೆ. ಚನಮಲ್ಲಪ್ಪ ಕೆಟ್ಟವನಲ್ಲ. ಅಣ್ಣನ ಸಂಸಾರ ತನ್ನ ತಲೆಗೆ ಬಂದೀತು ಎಂಬ ಹೆದರಿಕೆ ಅವನದು. ಅವನು ಹೋದ ಮೇಲೆ ಮನೆಯವರು ನನ್ನನ್ನು ನೋಡಿದ್ದು ಮಾತ್ರ ಚೆನ್ನಾಗಿರಲಿಲ್ಲ.

ಏಪ್ರಿಲ್ ೨೪

ಮೈದುನನಿಂದ ಶೆಡ್ಡಿನ ಕೀಲಿ ಇಸಿದುಕೊಂಡು ಬಂದೆ. "ಕಸಾ ಹೊಡಿಯೂದೈತಿ" ಎಂದೆ, ಕೊಟ್ಟ.

ಶೆಡ್ಡಿನಲ್ಲಿ ಅರ್ಧ ಮಗ್ಗ ನಿಂತಿದ್ದವು. "ನೂಲ ಮುಗದ ಎಂಟ ದಿನಾ ಆತ್ರಿ ಅವ್ವಾರ. ಹೇಳಿದ್ರ ಸಣ್ಣ ಮಾಲಕರು ನೋಡೂನು ಅಂತಾರ" ಎಂದ ವಿಠೋಬಾ. ಮಾರುವ ಎತ್ತಿಗೆ ಮೇವು ಯಾಕೆ ಎಂಬ ಲೆಕ್ಕ. ನೂಲಿನ ವ್ಯಾಪಾರಿಗೆ ಹೇಳಿ ಕಳಿಸಿದೆ. ಯಾವ ನಂಬರಿನ ನೂಲು ಎಂದು ಮನೆಗೆ ಬಂದು ಮನೆಯವರನ್ನು ಕೇಳಿದೆ. ಬೆರಳಿನಿಂದ ಹಾಸಿಗೆಯ ಮೇಲೆ ಬರೆದು ತೋರಿಸಿದರು, ಎಡಗೈಯಲ್ಲಿ, ತಲೆಕೆಳಗಾಗಿ.

ಊಟ ಕೇಳಿ ಮಾಡಿದರು. ಕೈಕಾಲಿನದು ನೋಡಲು ಮರೆತೆ.

ಮೇ ೫

ಕೂಲರಿನ ಮೋಟಾರು ಖಡಖಡ ಎನ್ನುತ್ತಿತ್ತು. ಅಚ್ಚು ತಿರುಗುವ ಬುಶ್ ಸವೆದಿದೆ. ಮೋಟಾರು ಬಿಚ್ಚಿ ರಬಕವಿಗೆ ಒಯ್ದು ಬುಶ್ ಹಾಕಿಸಿಕೊಂಡು ಬಂದೆ. ವಾಯರ್ ನಾನೇ ಜೋಡಿಸಿದೆ. ಮನೆಯವರು ಒಳಗಿನಿಂದ ಕಡಿದು ಕಡಿದು ಹೇಳಿದರು. "ನನಗ ಗೊತ್ತೈತ್ರಿ" ಎಂದೆ.

ಗೊತ್ತಿರಲಿಲ್ಲ. ಎರಡು ವಾಯರು ಅದಲುಬದಲಾಗಿದ್ದವು. ಫ್ಯಾನು ಉಲ್ಟಾ ತಿರುಗಿತು. ಒಳಗೆ ಬರಬೇಕಾದ ಗಾಳಿ ನೀರಿನ ಸಮೇತ ಹುಲ್ಲು ತೂರಿಕೊಂಡು ಹೊರಗೆ ಬೀದಿಗೆ ಹಾರಿತು. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಚನಮಲ್ಲಪ್ಪ ಒಬ್ಬ ದಲಾಲನನ್ನು ಕೂರಿಸಿಕೊಂಡು ನಮ್ಮ ಮಗ್ಗಗಳ ಗುಣಗಾನ ಮಾಡುತ್ತಿದ್ದ. ಇಬ್ಬರೂ ಬಿಳಿ ಧೋತರ ಉಟ್ಟಿದ್ದರು. ಹುಲ್ಲು ಹೊಸದಾದ್ದರಿಂದ ಅದರ ಬಣ್ಣ ಇನ್ನೂ ಬಿಡುತ್ತಿತ್ತು.

ಒಳಗಿನಿಂದ ಒಂದು ವಿಚಿತ್ರ ಶಬ್ದ ಕೇಳಿ, ಮತ್ತೆ ಲಕ್ವಾ ಬಂತೆಂದು ಓಡಿದೆ. ಮನೆಯವರು ನಗುತ್ತಿದ್ದರು. ಅರ್ಧ ಬಾಯಿಯಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು, ಉಸಿರು ಸಿಗದ ಹಾಗೆ. ನಾನೂ ಅವರ ಕಾಲ ಬಳಿ ಕುಸಿದು ನಕ್ಕೆ. ಹೊರಗಿನಿಂದ ಚನಮಲ್ಲಪ್ಪ "ವೈನಿ, ಬಂದ ಮಾಡ್ರಿ" ಎಂದು ಕೂಗುತ್ತಲೇ ಇದ್ದ. ಬಂದ್ ಮಾಡಲು ಸ್ವಲ್ಪ ತಡವಾಯಿತು.

ಮೇ ೧೩

ನಾನು ಶೆಡ್ಡಿನಲ್ಲಿದ್ದೆ. ಮನೆಯವರಿಗೆ ಮಗ್ಗದ ಸಪ್ಪಳ ಕೇಳಿ ಅಲ್ಲಿಗೆ ಹೋಗಬೇಕು ಅನ್ನಿಸಿರಬೇಕು. ಯಾರನ್ನೂ ಕರೆಯದೆ ಗೋಡೆ ಹಿಡಿದು ಹೊರಟು ಹೊಸ್ತಿಲಲ್ಲಿ ರಾಚಪ್ಪ ಬಿದ್ದ. ಹಣೆ ಒಡೆಯಿತು. ಶೇವಂತಿ ನೋಡುವವರೆಗೆ ಹಾಗೇ ಬಿದ್ದಿದ್ದನಂತೆ, ಧೋತರ ಒದ್ದೆ ಮಾಡಿಕೊಂಡು. ಓಣಿಯ ನಾಲ್ಕು ಜನ ಎತ್ತಿ ತಂದು ಮಲಗಿಸಿದರು. ಈ ಊರಿನಲ್ಲಿ ಅವನನ್ನು ಯಾರೂ ಹಾಗೆ ನೋಡಿರಲಿಲ್ಲ.

ಒರೆಸಿ ಬೇರೆ ಧೋತರ ಉಡಿಸಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮೇ ೧೬

ಊಟ ಇಲ್ಲ. ಹಾಲು ಎರಡು ಗುಟುಕು. ಕರೆಂಟೂ ಮಧ್ಯಾಹ್ನವೆಲ್ಲ ಇಲ್ಲ. ಬೀಸಣಿಕೆಯಲ್ಲಿ ಗಾಳಿ ಹಾಕಿದರೆ ಎಡಗೈಯಿಂದ ತಳ್ಳುತ್ತಾನೆ.

ಮಗ್ಗಗಳೆಲ್ಲ ಓಡುತ್ತಿವೆ ಎಂದು ಹೇಳಿದೆ. ವಿಠೋಬಾ ಹೊಸ ಸೀರೆಗೆ ತೆಗೆದ ಅಂಚು ತಂದು ತೋರಿಸಿದೆ. ಗೋಡೆ ಬಿಟ್ಟು ಕಣ್ಣು ತಿರುಗಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವತ್ತು ಅದೂ ಇಲ್ಲ.

ಮೇ ೧೯

ತುಕಾರಾಮ ಶೇಟ ಬಂದಿದ್ದ. ಚನಮಲ್ಲಪ್ಪ ಮುಂದೆ, ಅವನು ಹಿಂದೆ. ಟೊಪ್ಪಿಗೆ ತೆಗೆದು ರಾಚಪ್ಪನ ಕಾಲ ಕಡೆ ಕುಳಿತ. ನೋಡಿದರೆ ಮರ್ಯಾದಸ್ಥ ಮನುಷ್ಯ. ಕಳ್ಳನಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

"ನೋಡ್ರಿ ಬಾಯಿ, ಮಾಲಕ ಜೀವಂತ ಅದಾರ. ಅವರು ಹೂಂ ಅಂದ್ರನ ನಾ ಮಗ್ಗಕ್ಕ ಕೈ ಹಚ್ಚಾಂವ. ಇಲ್ಲಂದ್ರ ಚಹಾ ಕುಡದ ಹೋಗ್ತೇನಿ" ಎಂದ.

"ಅಣ್ಣಂದ ಒಪ್ಪಗಿ ಐತ್ರಿ, ಆಗಲೇ ಹೇಳ್ಯಾನ" ಎಂದ ಚನಮಲ್ಲಪ್ಪ.

"ನನ್ನ ಮುಂದ ಹೇಳ್ಲಿ."

ಕೂಲರ್ ಗುಂಯ್ ಎನ್ನುತ್ತಿತ್ತು. ಚನಮಲ್ಲಪ್ಪ ಅಣ್ಣನ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ ಕೇಳಿದ. ಅವನ ಕಣ್ಣಲ್ಲೂ ನೀರಿತ್ತು. "ಅಣ್ಣಾ, ಮಗ್ಗ ಕೊಟ್ಟುಬಿಡೂನು? ಸಾಕಲ್ಲ ಇನ್ನ?"

ರಾಚಪ್ಪ ಗೋಡೆಯ ಕಡೆಯಿಂದ ತಿರುಗಿದ. ಶೇಟನನ್ನು ನೋಡಿದ, ತಮ್ಮನನ್ನು ನೋಡಿದ. ನನ್ನನ್ನು ನೋಡಲಿಲ್ಲ.

"ನಿಮ್ಮೌನಾ" ಎಂದ. ಎಳೆದು. ಮೆತ್ತಗೆ.

ಎಲ್ಲರೂ ನನ್ನ ಮುಖ ನೋಡಿದರು. ಅವರಿಗೆ ಅದು ಬೈಗುಳ. ಬಿಡಿಸಿ ಹೇಳುವವಳು ನಾನೊಬ್ಬಳೇ ಎಂದು ಇಷ್ಟು ದಿನಕ್ಕೆ ಓಣಿಗೆಲ್ಲ ಗೊತ್ತಾಗಿದೆ.

"ಏನಂದ್ರು?" ಎಂದ ಶೇಟ.

"ಬ್ಯಾಡ ಅಂದ್ರು" ಎಂದೆ.

"ವೈನಿ—" ಎಂದ ಚನಮಲ್ಲಪ್ಪ.

"ಬ್ಯಾಡ ಅಂದ್ರು. ಮಗ್ಗ ಮಾರೂದಿಲ್ಲ, ಇದ್ದಂಗ ನಡೀಲಿ ಅಂದ್ರು. ಚಹಾ ತರ್ತೇನಿ, ಕೂಡ್ರಿ."

ಒಲೆಯ ಮುಂದೆ ಹೋಗಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಬಿಟ್ಟೆ. ಶೇಟ ಚಹಾ ಕುಡಿದು, ರಾಚಪ್ಪನಿಗೆ ಕೈ ಮುಗಿದು ಹೋದ. ಹೋಗುವಾಗ ಕೂಲರ್ ಯಾರು ಮಾಡಿದ್ದು, ಗಾಳಿ ಭಾಳ ಛಲೋ ಐತಿ ಎಂದು ಕೇಳಿದ.

ಮೇ ೨೦

ಗಂಜಿ ಕುಡಿಸಲು ಹೋದರೆ ಬಾಯಿ ಬಿಗಿದ. "ಹಟಾ ಮಾಡಿದ್ರ ನಿಮ್ಮ ಹೊಟ್ಟಿ ಹಸೀತೈತಿ, ನಂದಲ್ಲ" ಎಂದು ಬಟ್ಟಲು ಅಲ್ಲೇ ಇಟ್ಟು ಶೆಡ್ಡಿಗೆ ಹೋದೆ. ಬಂದಾಗ ಬಟ್ಟಲು ಖಾಲಿ. ಬೆಕ್ಕು ಕುಡಿಯಿತೋ, ಅವನೋ? ಅವನ ಎಡಗೈಗೆ ಗಂಜಿ ಮೆತ್ತಿತ್ತು.

ಮೇ ೨೮

ಶೆಡ್ಡಿನಲ್ಲಿ ಜಗಳ. ವಿಠೋಬಾನ ಜೊತೆಯ ಇಬ್ಬರು ನೇಕಾರರು ಕೆಲಸ ಬಿಟ್ಟು ಹೊರಟಿದ್ದರು. ಹೆಂಗಸಿನ ಕೈಕೆಳಗೆ ದುಡಿಯುವುದಿಲ್ಲ ಎಂದು. ಎಲ್ಲಿಗೆ ಹೋಗುತ್ತೀರಿ ಎಂದೆ. ಮುಧೋಳದ ಕಡೆ ಎಂದರು. ಹೋಗಿ, ಬಿಸಿಲಿದೆ, ನೀರು ಕುಡಿದು ಹೋಗಿ ಎಂದೆ. ನೀರು ಕುಡಿದರು. ಸಂಜೆಯವರೆಗೆ ಕುಡಿಯುತ್ತಲೇ ಕುಳಿತರು. ಆಮೇಲೆ ಮಗ್ಗಕ್ಕೆ ಹೋದರು.

ಮನೆಗೆ ಬಂದು ಕಾಲು ಚಾಚಿದ್ದೆ. ರಾಚಪ್ಪ ಮಂಚದ ಮೇಲೆ ಎದ್ದು ಕುಳಿತು ಕೂಲರಿನ ಕಡೆ ಕೈ ಮಾಡಿ ಏನೋ ಹೆಣಗಾಡುತ್ತಿದ್ದ. ಮುಖ ಕೆಂಪಾಗಿತ್ತು. ತುಟಿ ಬಿಗಿದು, ಸಡಿಲಿಸಿ, ಕಡೆಗೆ ಹೊರಗೆ ಬಂತು:

"ನೀ... ನೀರ."

ಓಡಿ ಹೋಗಿ ಲೋಟದಲ್ಲಿ ನೀರು ತಂದೆ. ತಲೆಯಲ್ಲಾಡಿಸಿದ. "ನೀರ. ಪಂಪ."

ಕೂಲರಿನಲ್ಲಿ ನೀರು ಮುಗಿದು ಪಂಪು ಒಣ ಓಡುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಸುಟ್ಟು ಹೋಗುತ್ತಿತ್ತು. ಎರಡೂವರೆ ತಿಂಗಳ ಮೇಲೆ ಗಂಡನ ಬಾಯಿಂದ ಮಾತು ಬಂತು, ಬಂದದ್ದು ಪಂಪಿಗಾಗಿ. ಶೇವಂತಿ ಬಂದವಳು ನನ್ನ ಕಣ್ಣು ನೋಡಿ ಯಾಕೆ ಎಂದಳು. ಕೊಡದ ನೀರು ಸಿಡಿಯಿತು ಎಂದೆ.

ಜೂನ್ ೪

ಮಾತು ಒಂದೊಂದಾಗಿ ಬರುತ್ತಿದೆ. ಚಹಾ. ಸಾಕು. ಉಪ್ಪ ಕಡಿಮಿ. ಈ ಕೊನೆಯ ಮಾತು ಇಷ್ಟು ಬೇಗ ಬರುವ ಅವಶ್ಯಕತೆ ಇರಲಿಲ್ಲ. ಕೋಲು ಹಿಡಿದು ಹೊಸ್ತಿಲವರೆಗೆ ನಡೆಯುತ್ತಾನೆ. ಅಯ್ಯನವರು ಬಂದು ಎಲ್ಲ ತಮ್ಮ ವಿಭೂತಿಯ ಮಹಿಮೆ ಎಂದರು. ರಾಚಪ್ಪ ಸ್ಪಷ್ಟವಾಗಿ ಹಳೆಯ ಮಾತನ್ನೇ ಹೇಳಿದ. ಈ ಸಲ ಅಯ್ಯನವರಿಗೂ ಕೇಳಿಸಿತು.

ಚನಮಲ್ಲಪ್ಪನೂ ಬಂದಿದ್ದ. ತನ್ನ ಅಂಗಡಿಗೆ ನಮ್ಮ ಸೀರೆ ಬೇಕಂತೆ. ನಗದು ಕೊಟ್ಟರೆ ಕೊಡುತ್ತೇನೆ ಎಂದೆ. "ವೈನಿ, ನಾ ಹೊರಗಿನಾಂವ ಏನ್ರಿ?" ಎಂದ. ಅಲ್ಲ, ಅದಕ್ಕೇ ನಗದು ಎಂದೆ.

ಜೂನ್ ೧೧

ನಿನ್ನೆ ರಾತ್ರಿ ಮಳೆ ಬಂತು. ಬೆಳಿಗ್ಗೆ ನೆಲ ತಣ್ಣಗಿತ್ತು, ಕೂಲರ್ ಹಾಕಿದರೆ ಗಾಳಿ ಜಿಗಿಜಿಗಿ. ಈ ವರ್ಷದ ಮಟ್ಟಿಗೆ ಅದರ ಕೆಲಸ ಮುಗಿಯಿತು. ಹಾಗೇ ಬಿಟ್ಟರೆ ತಗಡು ತುಕ್ಕು ಹಿಡಿಯುತ್ತದೆ, ಇಲಿಗಳಿಗೂ ಆಸೆ ಹುಟ್ಟುತ್ತದೆ. ನೀರು ಖಾಲಿ ಮಾಡಿ, ಹುಲ್ಲು ತೆಗೆದು, ತಳಕ್ಕೆ ಡಾಂಬರು ಬಳಿದು ಒಣಗಿಸಿದೆ. ಮೋಟಾರಿಗೆ ಎಣ್ಣೆ ಬಿಟ್ಟು ಬಿಚ್ಚಿ ಒಳಗಿಡಬೇಕಿತ್ತು. ಶೇವಂತಿ ತವರಿಗೆ ಹೋಗಿದ್ದಳು. ಒಬ್ಬಳೇ ಸ್ಟೂಲ್ ಹತ್ತಿದೆ.

ರಾಚಪ್ಪ ಕೋಲೂರುತ್ತ ಅಂಗಳಕ್ಕೆ ಬಂದ. ಕುರ್ಚಿ ಎಳೆದುಕೊಂಡು ಸ್ಟೂಲಿನ ಹತ್ತಿರ ಕುಳಿತ.

"ಇಳಿ. ನಾ... ಮಾಡ್ತೇನಿ."

"ಮುಂದಿನ ವರ್ಷ ಮಾಡೀರಂತ" ಎಂದೆ. ಮೇಲಿನ ನಟ್ಟು ಬಿಗಿಯಾಗಿತ್ತು, ಎರಡೂ ಕೈ ಹಾಕಿ ತಿರುಗಿಸುತ್ತಿದ್ದೆ.

ಮಾತು ಜೋಡಿಸಿಕೊಳ್ಳಲು ಅವನಿಗೆ ಇನ್ನೂ ವೇಳೆ ಬೇಕು, ನೂಲು ಕಡಿದಲ್ಲೆಲ್ಲ ಗಂಟು ಹಾಕುತ್ತ ಹೋಗುವವರಂತೆ. ಶೆಡ್ಡಿನಿಂದ ಮಗ್ಗಗಳ ಖಟಖಟ ಕೇಳುತ್ತಿತ್ತು.

"ಅವತ್ತ... ಶೇಟ ಬಂದಾಗ," ಎಂದ. "ನಾ ಹೂಂ... ಅಂದಿದ್ದೆ."

ನಟ್ಟು ಒಂದು ಸುತ್ತು ಸಡಿಲಾಯಿತು.

"ಗೊತ್ತೈತ್ರಿ" ಎಂದೆ.

"ಮತ್ತ?"

"ಸ್ಟೂಲ್ ಅಲ್ಲಾಡಾಕತ್ತೈತಿ. ಗಟ್ಟಿ ಹಿಡೀರಿ."

ಕೋಲು ಕೆಳಗೆ ಬಿದ್ದ ಸಪ್ಪಳ ಕೇಳಿಸಿತು. ಬಗ್ಗಿ ನೋಡಿದೆ. ಎಡಗೈ ಸ್ಟೂಲಿನ ಒಂದು ಕಾಲು ಹಿಡಿದಿತ್ತು, ಬಲಗೈ ಇನ್ನೊಂದನ್ನು.